ಇಂದಿನ ಧಮ್ಮ ಚಿಂತನೆ: ಆಟಿಕೆ ಎಂಜಿನ್ನಿನ ಅಳತೆ



ಇಂಗ್ಲೆಂಡಿನಲ್ಲಿರುವ ನಾನು ಭಾನುವಾರಗಳಲ್ಲಿ ಮಾದರಿ ರೈಲಿನ ಹವ್ಯಾಸಿಗಳ ಜೊತೆ ಕೂರುತ್ತೇನೆ. ತಿಂಗಳ ಹಿಂದೆ ಹಿರಿಯರೊಬ್ಬರು ತಮ್ಮ ಹಳೆಯ ಎಂಜಿನ್ ತಂದರು. ದಪ್ಪ ಒಡಲು, ಕೆಳಗೆ ಇಕ್ಕಟ್ಟಾದ ಗಾಲಿಗಳು. "ಡೊಳ್ಳುಹೊಟ್ಟೆಯವನಿಗೆ ಮಗುವಿನ ಚಪ್ಪಲಿ ಹಾಕಿದ ಹಾಗಿದೆ" ಎಂದೆ. ಎಲ್ಲರೂ ನಕ್ಕರು, ನಾನೂ ಉಬ್ಬಿದೆ. ಅವರು ನಗಲಿಲ್ಲ, ವಿವರಿಸಿದರು.

ಬ್ರಿಟನ್ನಿನ ರೈಲುಗಳು ಅಗಲದಲ್ಲೂ ಎತ್ತರದಲ್ಲೂ ಯುರೋಪಿನವಕ್ಕಿಂತ ಸಣ್ಣವು. 87ರಲ್ಲಿ ಒಂದು ಪಾಲಿಗೆ ಇಳಿಸಿದರೆ ಅಂದಿನ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಒಡಲನ್ನು 76ರಲ್ಲಿ ಒಂದು ಪಾಲಿಗೆ ಹಿಗ್ಗಿಸಿ, ಹಳಿಯ ಅಗಲವನ್ನು ಮಾತ್ರ 16.5 ಮಿಲಿಮೀಟರಿನಲ್ಲೇ ಬಿಟ್ಟರು. ಆ ಒಡಲಿಗೆ ಬೇಕಿದ್ದದ್ದು 18.83. ಎರಡು ಮಿಲಿಮೀಟರು ಚಿಲ್ಲರೆಗೆ ನಮ್ಮ ಅಷ್ಟು ನಗು!

ಕಾರಣವಿಲ್ಲದೆ ಯಾವುದೂ ಹುಟ್ಟದು ಎಂದು ಪಟಿಚ್ಚಸಮುಪ್ಪಾದ ಓದುವವನು ನಾನು. ಕಾರಣ ಕೇಳುವ ಮೊದಲೇ ನಕ್ಕಿದ್ದೆ. ನನ್ನ ಮಾತು ಸುಳ್ಳಲ್ಲ, ನಿಜ. ಆದರೆ ಸಮ್ಮಾ ವಾಚಾ ಬಿಡಿಸುವುದು ಸುಳ್ಳನ್ನಷ್ಟೇ ಅಲ್ಲ, ಚುಚ್ಚುಮಾತನ್ನೂ. ಹುಟ್ಟು, ರೂಪ, ಉಡುಗೆ ನೋಡಿ ನಕ್ಕವರ ನಡುವೆ ಬೆಳೆದ ನಮಗೆ ಇದನ್ನು ಯಾರಾದರೂ ಹೇಳಿಕೊಡಬೇಕೇ?

ಮುಂದಿನ ಭಾನುವಾರ ಹೋಗಿ ಕ್ಷಮೆ ಕೇಳಿದೆ. ಅವರು ಪೆಟ್ಟಿಗೆ ತೆರೆದು ಎಂಜಿನ್ನನ್ನು ನನ್ನ ಕೈಗೇ ಕೊಟ್ಟು, ಹಳಿಯ ಮೇಲಿಡಿ ಎಂದರು.