ಉಷ್ಣದ ಗತಿ ಮತ್ತು ಅಣುಗಳ ಗಣಿತ

ಒಲೆಯಿಂದಿಳಿಸಿದ ಹಾಲು ತಾನಾಗಿ ಆರುತ್ತದೆ. ಆರಿದ ಹಾಲು ಸುತ್ತಲ ಗಾಳಿಯಿಂದ ಉಷ್ಣವನ್ನು ಹೀರಿ ತಾನಾಗಿ ಕುದಿಯುವುದನ್ನು ಯಾರೂ ಕಂಡಿಲ್ಲ. ನಿತ್ಯಪರಿಚಿತವಾದ ಈ ಸಂಗತಿಯ ಮರ್ಮವನ್ನರಿಯಲು ಉಷ್ಣಗತಿಶಾಸ್ತ್ರವೂ ಅದರ ಒಡಹುಟ್ಟಾದ ಸಾಂಖ್ಯಿಕ ಗತಿಶಾಸ್ತ್ರವೂ ಅವಶ್ಯ.

ಉಷ್ಣವು ಒಂದು ಸೂಕ್ಷ್ಮದ್ರವವೆಂದು ಹಿಂದೆ ಹಲವರು ಬಗೆದಿದ್ದರು. ಮ್ಯೂನಿಕ್ ನಗರದಲ್ಲಿ ಫಿರಂಗಿ ಕೊರೆಯುವುದನ್ನು ಪರಿಶೀಲಿಸಿದ ರಮ್‌ಫರ್ಡನು, ಘರ್ಷಣೆ ನಡೆಯುವಷ್ಟು ಕಾಲವೂ ಉಷ್ಣ ಹುಟ್ಟುತ್ತಲೇ ಇರುವುದರಿಂದ ಅದು ದ್ರವ್ಯವಲ್ಲ, ಚಲನೆಯೆಂದು 1798ರಲ್ಲಿ ವಾದಿಸಿದನು. 1840ರ ದಶಕದಲ್ಲಿ ಜೌಲನು ಇಳಿಯುವ ತೂಕದ ಬಲದಿಂದ ನೀರನ್ನು ಕಡೆದು, ಇಷ್ಟು ಕಾರ್ಯಕ್ಕೆ ಇಷ್ಟು ಉಷ್ಣವೆಂದು ಅಳೆದನು. ಶಕ್ತಿಗೆ ಹುಟ್ಟಿಲ್ಲ, ನಾಶವಿಲ್ಲ, ರೂಪಾಂತರವಷ್ಟೇ ಉಂಟೆಂಬ ಪ್ರಥಮ ನಿಯಮಕ್ಕೆ ಇದು ಆಧಾರವಾಯಿತು.

ಆದರೆ ಆರಿದ ಹಾಲು ಮತ್ತೆ ಕುದಿದರೂ ಶಕ್ತಿಯ ಲೆಕ್ಕ ತಪ್ಪದು. ಹಾಗಾದರೆ ಅದು ಕುದಿಯದಿರುವುದೇಕೆ? ಇಲ್ಲಿ ದ್ವಿತೀಯ ನಿಯಮ ಬೇಕಾಗುತ್ತದೆ. ಕ್ಲೌಸಿಯಸನು 1865ರಲ್ಲಿ ಎಂಟ್ರೊಪಿ ಎಂಬ ಪರಿಮಾಣವನ್ನು ಹೆಸರಿಸಿ, ಹೊರಸಂಪರ್ಕವಿಲ್ಲದ ವ್ಯವಸ್ಥೆಯಲ್ಲಿ ಅದು ಎಂದಿಗೂ ಕುಗ್ಗದೆಂದು ನಿರೂಪಿಸಿದನು.

ಅದು ಏಕೆ ಕುಗ್ಗದೆಂಬುದಕ್ಕೆ 1877ರಲ್ಲಿ ಬೋಲ್ಟ್ಸ್‌ಮನ್ನನು ಎಣಿಕೆಯಿಂದಲೇ ಉತ್ತರವಿತ್ತನು. ಪೆಟ್ಟಿಗೆಯೊಂದರ ಎಡಬಲ ಭಾಗಗಳಲ್ಲಿ ನಾಲ್ಕು ಅಣುಗಳು ಸಂಚರಿಸುತ್ತಿವೆಯೆನ್ನೋಣ. ಅವುಗಳ ವಿನ್ಯಾಸಗಳು ಒಟ್ಟು 16. ನಾಲ್ಕೂ ಎಡಕ್ಕಿರುವ ವಿನ್ಯಾಸ ಒಂದೇ. ಎರಡೆರಡಾಗಿ ಹಂಚಿಹೋಗುವ ವಿನ್ಯಾಸಗಳು 6. ಅಣುಗಳು 100 ಆದರೆ, ಒಟ್ಟು ವಿನ್ಯಾಸಗಳು ಒಂದರ ಮುಂದೆ ಮೂವತ್ತು ಸೊನ್ನೆಗಳನ್ನಿಟ್ಟ ಸಂಖ್ಯೆಯನ್ನೂ ಮೀರುತ್ತವೆ. ಎಲ್ಲವೂ ಎಡಕ್ಕಿರುವುದು ಆಗಲೂ ಒಂದೇ. ಒಂದು ಗ್ರಾಂ ನೀರಿನಲ್ಲಿ ಒಂದರ ಮುಂದೆ ಇಪ್ಪತ್ತೆರಡು ಸೊನ್ನೆಗಳಿಟ್ಟ ಸಂಖ್ಯೆಗಿಂತಲೂ ಹೆಚ್ಚು ಅಣುಗಳಿವೆ! ಸ್ಥಾನದಂತೆಯೇ ಶಕ್ತಿಯೂ ಅಣುಗಳಲ್ಲಿ ಹಂಚಿಹೋಗುತ್ತದೆ. ಹಾಲಿನ ಉಷ್ಣ ಗಾಳಿಗೆ ಹರಡಿದ ಮೇಲೆ ದೊರೆಯುವ ವಿನ್ಯಾಸಗಳು ಅಪಾರ. ಆದ್ದರಿಂದ ಅದು ಹಿಂದಿರುಗುವುದು ನಿಷಿದ್ಧವಲ್ಲ, ಅಸಂಭವಪ್ರಾಯ.

ಈ ಎಣಿಕೆಗೆ ಅಣುಗಳು ನಿಜವಾಗಿಯೂ ಇರಬೇಕಷ್ಟೆ! ಮಾಕ್, ಓಸ್ಟ್‌ವಾಲ್ಡ್ ಮೊದಲಾದ ಘನವಿದ್ವಾಂಸರು ಅದನ್ನೇ ಒಪ್ಪಲಿಲ್ಲ. ಬೋಲ್ಟ್ಸ್‌ಮನ್ನನು 1906ರಲ್ಲಿ ಗತಿಸಿದನು. 1908ರಿಂದ ಪೆರಿನನು ನಡೆಸಿದ ಪ್ರಯೋಗಗಳು ಅಣುವಾದವನ್ನು ದೃಢಪಡಿಸಿದವು. 1909ರಲ್ಲಿ ಓಸ್ಟ್‌ವಾಲ್ಡನೂ ಅದನ್ನು ಅಂಗೀಕರಿಸಿದನು. ಎಂಟ್ರೊಪಿಯನ್ನು ವಿನ್ಯಾಸಗಳ ಸಂಖ್ಯೆಯೊಡನೆ ಬೆಸೆಯುವ ಸೂತ್ರವು ಇಂದು ವಿಯೆನ್ನಾದಲ್ಲಿ ಬೋಲ್ಟ್ಸ್‌ಮನ್ನನ ಸಮಾಧಿಯ ಮೇಲೆ ಕೆತ್ತಲ್ಪಟ್ಟಿದೆ.

ಆ ಸೂತ್ರವನ್ನು ಕಂಠಪಾಠ ಮಾಡುವ ಮುನ್ನ, ನಾಲ್ಕು ಅಣುಗಳ ಹದಿನಾರು ವಿನ್ಯಾಸಗಳನ್ನು ವಿದ್ಯಾರ್ಥಿಗಳು ಸ್ವತಃ ಬರೆದು ಎಣಿಸಿ ನೋಡುವುದು ಲೇಸು.