ಮಾವ ಎಂದರೆ ಯಾರು? ತಾರ್ಕಿಕ ಪರೀಕ್ಷೆಯ ಸಂಬಂಧದ ಒಗಟುಗಳು ಮತ್ತು ಕನ್ನಡದ ನಂಟಿನ ಪದಗಳು

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಆರಿಸಿಕೊಳ್ಳುವವರಿಗೆ ಮುಖ್ಯ ಹಂತದಲ್ಲಿ ತಲಾ 250 ಅಂಕಗಳ ಎರಡು ಪತ್ರಿಕೆಗಳಿವೆ. ಆ ಹಂತವನ್ನು ಮುಟ್ಟಬೇಕಾದರೆ ಪ್ರಾಥಮಿಕ ಪರೀಕ್ಷೆಯ ಎರಡನೆಯ ಪತ್ರಿಕೆಯನ್ನು, ಅಂದರೆ ವಾಡಿಕೆಯಲ್ಲಿ ‘ಸಿಸ್ಯಾಟ್’ ಎನ್ನುವುದನ್ನು, ಮೊದಲು ದಾಟಬೇಕು. 200 ಅಂಕಗಳ ಈ ಪತ್ರಿಕೆಯಲ್ಲಿ 80 ಪ್ರಶ್ನೆಗಳಿರುತ್ತವೆ. ಸರಿಯುತ್ತರಕ್ಕೆ 2.5 ಅಂಕ, ತಪ್ಪುತ್ತರಕ್ಕೆ ಅದರ ಮೂರನೆಯ ಒಂದು ಭಾಗ ಕಡಿತ. ಶೇ. 33ರಷ್ಟು ಅಂಕ ಬಾರದಿದ್ದರೆ ಕಲಿತ ಕನ್ನಡವನ್ನು ಒರೆಗೆ ಹಚ್ಚುವ ಅವಕಾಶವೇ ಸಿಗುವುದಿಲ್ಲ. ಈ ಪತ್ರಿಕೆ ಅಚ್ಚಾಗುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ.

ತಾರ್ಕಿಕ ಪ್ರಶ್ನೆಗಳಲ್ಲಿ ಕುಟುಂಬ ಸಂಬಂಧದ ಒಗಟುಗಳು ಸುಲಭವೆಂಬ ಭಾವನೆ ಇದೆ. ಕನ್ನಡದಲ್ಲಿ ಯೋಚಿಸುವ ವಿದ್ಯಾರ್ಥಿ ತರ್ಕದಲ್ಲಿ ಎಡವದೆಯೂ ಪದಗಳಲ್ಲಿ ಎಡವಬಹುದೆಂಬುದನ್ನು ಈ ಭಾವನೆ ಮರೆಸುತ್ತದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದವರಿಗೆ ಈ ಅಪಾಯ ಇನ್ನೂ ಹೆಚ್ಚು. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಗಡಿ ಬದಲಾದರೂ ಬೀಗತನ ಬದಲಾಗಲಿಲ್ಲ. ಇಲ್ಲಿ ‘ಚಿಕ್ಕಪ್ಪ’ನ ಜೊತೆಗೆ ಮರಾಠಿಯ ‘ಕಾಕಾ’, ತೆಲುಗಿನ ‘ಬಾಬಾಯಿ’, ಉರ್ದುವಿನ ‘ಚಾಚಾ’ ಎಲ್ಲವೂ ಕಿವಿಗೆ ಬೀಳುತ್ತವೆ. ಪರೀಕ್ಷೆಯಲ್ಲಿ ಇವೆಲ್ಲದರ ಬದಲು ‘ಅಂಕಲ್’ ಎಂಬ ಒಂದೇ ಪದ ಎದುರಾಗುತ್ತದೆ.

ಕನ್ನಡ ಬೇರ್ಪಡಿಸುವ ಕಡೆ

ಇಂಗ್ಲಿಷಿನ ‘ಅಂಕಲ್’ ತಂದೆಯ ಸಹೋದರನಾಗಬಹುದು, ತಾಯಿಯ ಸಹೋದರನಾಗಬಹುದು, ತಂದೆಯ ಸಹೋದರಿಯ ಗಂಡನಾಗಬಹುದು, ತಾಯಿಯ ಸಹೋದರಿಯ ಗಂಡನೂ ಆಗಬಹುದು. ಕನ್ನಡ ಈ ನಾಲ್ವರನ್ನು ಎರಡು ಸಾಲಾಗಿ ವಿಂಗಡಿಸುತ್ತದೆ. ಮೊದಲನೆಯವನೂ ಕೊನೆಯವನೂ ದೊಡ್ಡಪ್ಪ ಅಥವಾ ಚಿಕ್ಕಪ್ಪ. ನಡುವಿನ ಇಬ್ಬರು ಮಾವಂದಿರು. ಒಂದು ಸಾಲು ಅಪ್ಪನದು, ಇನ್ನೊಂದು ಮಾವನದು.

ವಯಸ್ಸಿನ ವಿಷಯವೂ ಹೀಗೆಯೇ. ಇಂಗ್ಲಿಷಿನ ‘ಬ್ರದರ್’ ಎಂಬ ಪದವನ್ನು ಮನಸ್ಸು ‘ಅಣ್ಣ’ ಎಂದೋ ‘ತಮ್ಮ’ ಎಂದೋ ಕನ್ನಡಿಸಿದೊಡನೆ ಪ್ರಶ್ನೆಯಲ್ಲಿಲ್ಲದ ಹಿರಿತನ ಕಿರಿತನಗಳು ಸೇರಿಬಿಡುತ್ತವೆ. ವಯಸ್ಸಿನ ಕ್ರಮವನ್ನು ಕೇಳುವ ಪ್ರಶ್ನೆಯಲ್ಲಿ ಇಷ್ಟೇ ಸಾಕು, ಉತ್ತರ ತಪ್ಪುತ್ತದೆ. ಇಂತಹ ಕಡೆ ‘ಸಹೋದರ’ ಎಂಬುದೇ ಸರಿಯಾದ ಪದ.

ಕನ್ನಡ ಕೂಡಿಸುವ ಕಡೆ

ಕೂಡಿಸುವ ಕಡೆ ಅಪಾಯ ಇದಕ್ಕಿಂತ ದೊಡ್ಡದು. ‘ಅತ್ತೆ’ ಎಂದರೆ ತಂದೆಯ ಸಹೋದರಿ, ತಾಯಿಯ ಸಹೋದರನ ಹೆಂಡತಿ, ಗಂಡನ ಅಥವಾ ಹೆಂಡತಿಯ ತಾಯಿ. ‘ಸೊಸೆ’ ಎಂದರೆ ಮಗನ ಹೆಂಡತಿ. ಗಂಡಸಿಗೆ ಸಹೋದರಿಯ ಮಗಳೂ ಸೊಸೆಯೇ. ಒಂದು ಮಾದರಿಯನ್ನು ನೋಡಬಹುದು:

ಗಂಗಮ್ಮ ಒಬ್ಬನನ್ನು ತೋರಿಸಿ, “ಈತನು ನನ್ನ ಅತ್ತೆಯ ಒಬ್ಬನೇ ಮಗ” ಎಂದಳು. ಆತನು ಆಕೆಗೆ ಏನಾಗಬೇಕು?

‘ಅತ್ತೆ’ ಎಂದರೆ ಗಂಡನ ತಾಯಿ ಎಂದಾದರೆ ಆತನು ಆಕೆಯ ಗಂಡ. ತಂದೆಯ ಸಹೋದರಿ ಎಂದಾದರೆ ಸೋದರತ್ತೆಯ ಮಗ. ತಾಯಿಯ ಸಹೋದರನ ಹೆಂಡತಿ ಎಂದಾದರೆ ಸೋದರಮಾವನ ಮಗ. ಸೋದರಿಕೆಯಲ್ಲಿ ಮದುವೆ ನಡೆಯುವ ಮನೆಗಳಲ್ಲಿ ಈ ಉತ್ತರಗಳು ಒಬ್ಬನೇ ವ್ಯಕ್ತಿಯಲ್ಲಿ ಕೂಡಿರುವುದುಂಟು. ಪದ ಒಂದೇ ಆಗಿರುವುದಕ್ಕೆ ಕಾರಣವೂ ಅದೇ. ಸೋದರಮಾವನೇ ಹೆಣ್ಣು ಕೊಡುವ ಮಾವನಾಗಬಹುದಾದ ಸಮಾಜದಲ್ಲಿ ಎರಡು ಪದಗಳ ಅಗತ್ಯ ಬೀಳಲಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯು ಸಹೋದರ ಸಹೋದರಿಯರ ಮಕ್ಕಳ ಮದುವೆಯನ್ನು ನಿಷೇಧಿತ ಸಂಬಂಧಗಳ ಪಟ್ಟಿಗೆ ಸೇರಿಸಿದರೂ, ಸಂಪ್ರದಾಯವಿದ್ದಲ್ಲಿ ಅದಕ್ಕೆ ವಿನಾಯಿತಿ ನೀಡಿದೆ.

ಪರೀಕ್ಷೆಯ ಒಗಟಿಗೆ ಈ ಸಂಪ್ರದಾಯ ತಿಳಿಯದು. ಹೇಳದ ಮದುವೆ ಅಲ್ಲಿ ನಡೆದೇ ಇಲ್ಲ. ಉತ್ತರ ‘ತಾಯಿಯ ಸಹೋದರ’ ಎಂದಿರುವಾಗ ಮನಸ್ಸಿನಲ್ಲಿ ‘ಮಾವ’ ಎಂದಷ್ಟೇ ಉಳಿದಿದ್ದರೆ, ‘ಹೆಂಡತಿಯ ತಂದೆ’ ಎಂಬ ಆಯ್ಕೆಯ ಮೇಲೆ ಕೈ ಹೋಗುವುದು ಸಹಜ.

ಲಿಂಗದ ಬಲೆ

ಒಗಟುಗಳಲ್ಲಿ ಹೆಸರಿನ ಬದಲು ಅಕ್ಷರಗಳು ಬರುತ್ತವೆ. ಇಂಗ್ಲಿಷ್ ವಾಕ್ಯ ಅಕ್ಷರದ ಲಿಂಗವನ್ನು ಮುಚ್ಚಿಡಬಲ್ಲದು. ಅದನ್ನು ಕನ್ನಡಕ್ಕೆ ತರುವಾಗ ‘ಅವನ’, ‘ಅವಳ’ ಎಂಬ ರೂಪಗಳು ತಾವಾಗಿಯೇ ನುಸುಳಿ, ಪ್ರಶ್ನೆ ಹೇಳದುದನ್ನು ಹೇಳಿಬಿಡುತ್ತವೆ. ಪರಿಹಾರವೂ ಕನ್ನಡದಲ್ಲಿಯೇ ಇದೆ. ‘ಅವರು’ ಎಂಬ ಗೌರವದ ಬಹುವಚನಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಪ್ರತಿ ಅಕ್ಷರವನ್ನೂ ‘ಅವರು’ ಎಂದೇ ಓದಿಕೊಂಡರೆ ತಿಳಿಯದ ಲಿಂಗ ತಿಳಿಯದುದಾಗಿಯೇ ಉಳಿಯುತ್ತದೆ.

ಐದು ಪದಗಳ ವಿಧಾನ

ನೀಲಗಿರಿಯ ತೋಡರನ್ನು ಕುರಿತು 1906ರಲ್ಲಿ ಗ್ರಂಥ ಪ್ರಕಟಿಸಿದ ಡಬ್ಲ್ಯು. ಎಚ್. ಆರ್. ರಿವರ್ಸ್ ಅವರು 1910ರಲ್ಲಿ ವಂಶಾವಳಿ ಸಂಗ್ರಹದ ವಿಧಾನವನ್ನು ವಿವರಿಸಿದರು. ಒಂದು ಸಮಾಜದಲ್ಲಿ ‘ತಂದೆ’ ಎಂಬ ಪದ ತಂದೆಯ ಸಹೋದರರಿಗೂ ಸಲ್ಲಬಹುದಾದ್ದರಿಂದ, ಅವರು ತಂದೆ, ತಾಯಿ, ಮಗು, ಗಂಡ, ಹೆಂಡತಿ ಎಂಬ ಐದೇ ಪದಗಳನ್ನು ನಿಜವಾದ ಅರ್ಥದಲ್ಲಿ ಬಳಸಿ ಸಂಬಂಧಗಳನ್ನು ದಾಖಲಿಸಿದರು. ಪರೀಕ್ಷಾರ್ಥಿಗೂ ಇದೇ ದಾರಿ. ಪ್ರಶ್ನೆಯ ಪ್ರತಿ ಸಂಬಂಧವನ್ನೂ ಈ ಐದಕ್ಕೆ ಒಡೆಯಬೇಕು. ಪೀಳಿಗೆಗೊಂದು ಸಾಲು ಹಾಕಿ, ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ತಿಳಿಯದವರಿಗೆ ಪ್ರಶ್ನಾರ್ಥಕ ಚಿಹ್ನೆ, ಮದುವೆಗೆ ಜೋಡಿಗೆರೆ ಬರೆದುಕೊಳ್ಳಬೇಕು.

ಉದಾಹರಣೆ: ಟ ಅವರು ಕ ಅವರ ತಾಯಿಯ ಏಕೈಕ ಸಹೋದರ. ಟ ಅವರ ತಂದೆ ಪ, ತಾಯಿ ತ. ತ ಅವರಿಗೆ ಕ ಏನಾಗಬೇಕು?

ಟ ಮತ್ತು ಕ ಅವರ ತಾಯಿ ಒಡಹುಟ್ಟಿದವರು. ಆದ್ದರಿಂದ ಇಬ್ಬರೂ ಪ ಮತ್ತು ತ ಅವರ ಮಕ್ಕಳು. ಕ ಅವರು ತ ಅವರ ಮಗಳ ಮಗು. ಕ ಅವರ ಲಿಂಗವನ್ನು ಪ್ರಶ್ನೆ ಎಲ್ಲಿಯೂ ಹೇಳಿಲ್ಲ. ಆಯ್ಕೆಗಳಲ್ಲಿ ಮೊಮ್ಮಗ, ಮೊಮ್ಮಗಳು, ‘ನಿರ್ಧರಿಸಲಾಗದು’ ಎಂದಿದ್ದರೆ ಮೂರನೆಯದೇ ಉತ್ತರ.

ಅಭ್ಯಾಸಕ್ಕೆ

1. ಚ ಅವರ ತಂದೆ ಟ. ಆದರೆ ಚ ಅವರು ಟ ಅವರ ಮಗನಲ್ಲ. ಹಾಗಾದರೆ ಏನಾಗಬೇಕು?

2. ಪ ಅವರ ತಂದೆಯ ತಂದೆಯೇ ತ ಅವರ ತಾಯಿಯ ತಂದೆ. ಪ ಮತ್ತು ತ ಅವರ ಸಂಬಂಧವೇನು?

3. ಒಬ್ಬ ಗಂಡಸು ಹೇಳಿದನು: “ಆಕೆಯ ಗಂಡ ನನ್ನ ಹೆಂಡತಿಯ ತಂದೆಯ ಏಕೈಕ ಮಗ.” ಆಕೆ ಯಾರು?

ಉತ್ತರಗಳು: (1) ಮಗಳು. (2) ಸಹೋದರ ಸಹೋದರಿಯರ ಮಕ್ಕಳು, ಇಂಗ್ಲಿಷಿನಲ್ಲಿ ‘ಕಸಿನ್’. ಕನ್ನಡದಲ್ಲಿ ಭಾವ, ಮೈದುನ ಮುಂತಾಗಿ ಹೇಳಲು ಲಿಂಗವೂ ವಯಸ್ಸೂ ಬೇಕು. ಪ್ರಶ್ನೆ ಅವನ್ನು ಕೊಟ್ಟಿಲ್ಲ. (3) ಹೆಂಡತಿಯ ಸಹೋದರನ ಹೆಂಡತಿ. ಕನ್ನಡದ ನಂಟಿನ ಕ್ರಮದಲ್ಲಿ ಈಕೆ ಅಕ್ಕ ತಂಗಿಯರ ಸಾಲಿಗೆ ಸೇರುತ್ತಾಳೆ. ಹಾಗೆ ಯೋಚಿಸಿ ‘ಸಹೋದರಿ’ ಎಂಬ ಆಯ್ಕೆಯನ್ನು ಗುರುತಿಸಿದರೆ ಅಂಕ ಹೋಗುತ್ತದೆ.

ಬದಿಗಿಟ್ಟ ಪದಗಳು

ಪರೀಕ್ಷಾ ಕೊಠಡಿಯಲ್ಲಿ ಬದಿಗಿಡಬೇಕೆಂದ ಮಾತ್ರಕ್ಕೆ ಮನೆಯ ಪದಗಳು ಅಸ್ಪಷ್ಟವೆಂದು ತಿಳಿಯಬಾರದು. ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಕಟಿಸಿದ ಬಂಧುತ್ವ ಪದ್ಧತಿಗಳ ಬೃಹದ್ಗ್ರಂಥದ ಕೋಷ್ಟಕಗಳಲ್ಲಿ ತಮಿಳು, ತೆಲುಗುಗಳೊಡನೆ ಕನ್ನಡದ ನಂಟಿನ ಪದಗಳೂ ಇವೆ. ಇರಾವತಿ ಕರ್ವೆ ಅವರು 1953ರ ತಮ್ಮ ಗ್ರಂಥದಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯನ್ನು ವಲಯಗಳಾಗಿ ವಿಂಗಡಿಸಿ ವಿವೇಚಿಸಿದರು. ‘ಸೋದರಮಾವ’ ಎಂಬಲ್ಲಿ ಕನ್ನಡದ ‘ಸೋದರ’ ಮಾಡುವ ಕೆಲಸವನ್ನು ‘ಮೇನಮಾಮ’ ಎಂಬಲ್ಲಿ ತೆಲುಗಿನ ‘ಮೇನ’ ಮಾಡುತ್ತದೆ. ಇಂತಹ ಹೋಲಿಕೆಗಳನ್ನು ಎರಡೂ ಭಾಷೆ ಬಲ್ಲ ಗಡಿಭಾಗದ ವಿದ್ಯಾರ್ಥಿ ತನ್ನ ಓಣಿಯಲ್ಲಿಯೇ ಸಂಗ್ರಹಿಸಬಹುದು. ಒಗಟು ಬಿಡಿಸಲು ಐದು ಪದಗಳು ಸಾಕು; ಉಳಿದ ಪದಗಳು ಐಚ್ಛಿಕ ಕನ್ನಡದ ವಿದ್ಯಾರ್ಥಿಯ ಅಧ್ಯಯನಕ್ಕೆ ಕಾದಿವೆ.