ಗಡಿ ದಾಟದ ಗಸಗಸೆ

ಗಲ್ಫಿಗೆ ಹೊರಟವರ ಚೀಲದಿಂದ ಮೊದಲು ಹೊರಗೆ ತೆಗೆಯಬೇಕಾದ್ದು ಗಸಗಸೆ. ಇದನ್ನು ನಾನು ಕಲಿತದ್ದು ಕೇರಳದ ಶ್ರೀಕಾರ್ಯಂಗೆ ಬಂದು ನೆಲೆಸಿದ ಮೇಲೆ. ಶಾರ್ಜಾದಲ್ಲಿರುವ ತಂಗಿಯ ಬಾಣಂತನಕ್ಕೆಂದು ಅಮ್ಮ ಮೈಸೂರಿನಿಂದ ಬಂದಿದ್ದರು, ತಿರುವನಂತಪುರದಿಂದ ವಿಮಾನ. ಚೀಲದಲ್ಲಿ ಪಾಯಸಕ್ಕೆ ಗಸಗಸೆ, ಮಂಡಿನೋವಿಗೆ ಟ್ರಮಡಾಲ್ ಮಾತ್ರೆ. ಮಕ್ಕಳನ್ನೆಲ್ಲ ಗಲ್ಫಿಗೆ ಕಳಿಸಿ ಅನುಭವವಿದ್ದ ಪಕ್ಕದ ಮನೆಯ ಚೇಚಿ (ಅಕ್ಕ) ಎರಡನ್ನೂ ತೆಗೆಸಿದರು. ಗಸಗಸೆ ಯುಎಇಯಲ್ಲಿ ನಿಷಿದ್ಧ. ಟ್ರಮಡಾಲ್ ಒಯ್ಯಲು ಅಲ್ಲಿನ ಆರೋಗ್ಯ ಸಚಿವಾಲಯದ ಅನುಮತಿ ಮೊದಲೇ ಪಡೆದಿರಬೇಕು. "ಡಾಕ್ಟರೇ ಬರೆದುಕೊಟ್ಟಿದ್ದಲ್ಲವೇನೋ?" ಎಂದು ಅಮ್ಮ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಈ ಕಾನೂನುಗಳನ್ನು ಹುಡುಕಿ ಓದತೊಡಗಿದೆ. ಓದಿದಷ್ಟೂ ಸಂಕಟವೇ ಹೆಚ್ಚಾಯಿತು. ನಮ್ಮ 1985ರ ಮಾದಕವಸ್ತು (ಎನ್‌ಡಿಪಿಎಸ್) ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂವಿನ ತುದಿ. ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಹಾಗಾಗಿಯೇ ಉತ್ತರದ ಕೆಲವು ರಾಜ್ಯಗಳಲ್ಲಿ ಎಲೆಯಿಂದ ಮಾಡುವ ಭಂಗಿಗೆ ಪರವಾನಗಿ ಪಡೆದ ಅಂಗಡಿಗಳೇ ಇವೆ. 800 ಗ್ರಾಂ ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದರೆ ಇಲ್ಲಿ ಹೆಚ್ಚೆಂದರೆ ಒಂದು ವರ್ಷ ಜೈಲು. ಸಿಂಗಪುರದಲ್ಲಿ 500 ಗ್ರಾಂ ಮೀರಿದ ಸಾಗಣೆಗೆ ಮರಣದಂಡನೆಯಿದೆ. ಸುಮಾರು ಒಂದು ಕಿಲೋ ಗಾಂಜಾದ ಪ್ರಕರಣದಲ್ಲಿ ತಂಗರಾಜು ಸುಪ್ಪಯ್ಯ ಎಂಬವರನ್ನು ಅಲ್ಲಿ 2023ರ ಏಪ್ರಿಲ್‌ನಲ್ಲಿ ಗಲ್ಲಿಗೇರಿಸಿದರು. ಆ ಗಾಂಜಾ ಅವರ ಕೈಗೆ ಬಂದೇ ಇರಲಿಲ್ಲ. ಸಾಗಣೆಗೆ ಕುಮ್ಮಕ್ಕು ಕೊಟ್ಟರೆಂಬುದು ಆರೋಪ. ಅದೇ ಹೊತ್ತಿಗೆ ಬ್ಯಾಂಕಾಕ್‌ನ ಬೀದಿಗಳಲ್ಲಿ ಗಾಂಜಾ ಅಂಗಡಿಗಳು ರಾಜಾರೋಷವಾಗಿ ನಡೆಯುತ್ತಿದ್ದವು. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಬಾಗಿಲು ತೆರೆಯಿತು, 2025ರ ಜೂನ್‌ನಲ್ಲಿ ವೈದ್ಯರ ಚೀಟಿ ಬೇಕೆಂದಿತು. ಮೂರೂ ದೇಶಗಳು 1961ರ ವಿಶ್ವಸಂಸ್ಥೆಯ ಒಂದೇ ಮಾದಕವಸ್ತು ಒಪ್ಪಂದಕ್ಕೆ ಸೇರಿದವು! ಶಿಕ್ಷೆ ಎಷ್ಟೆಂಬುದನ್ನು ಆ ಒಪ್ಪಂದ ಆಯಾ ದೇಶಕ್ಕೇ ಬಿಟ್ಟಿದೆ. 2020ರ ಡಿಸೆಂಬರ್‌ನಲ್ಲಿ ಗಾಂಜಾವನ್ನು ಅದರ ಅತಿ ಕಠಿಣ ಪಟ್ಟಿಯಿಂದ ತೆಗೆಯಲು ಭಾರತವೂ ಮತ ಹಾಕಿತು, ಮನೆಯೊಳಗಿನ ಕಾಯ್ದೆಯನ್ನು ಮಾತ್ರ ಮುಟ್ಟಲಿಲ್ಲ.

ಈ ಏರುಪೇರಿನ ಪೆಟ್ಟು ಬೀಳುವುದು ಚೀಲ ಹೊತ್ತವರಿಗೆ. ಬ್ಯಾಂಕಾಕ್‌ನಿಂದ ಬಂದ ಎಷ್ಟೋ ಹುಡುಗರು ಕೊಚ್ಚಿಯ ನೆಡುಂಬಾಶ್ಶೇರಿ ವಿಮಾನ ನಿಲ್ದಾಣದಲ್ಲಿ ಹೈಬ್ರಿಡ್ ಗಾಂಜಾದೊಂದಿಗೆ ಕಸ್ಟಮ್ಸ್ ಕೈಗೆ ಸಿಕ್ಕಿದ್ದಾರೆ. ಅಲ್ಲಿ ಅಂಗಡಿಯಲ್ಲೇ ಮಾರುತ್ತಾರೆ ಎಂಬ ವಾದ ಇಲ್ಲಿನ ಕೋರ್ಟಿನಲ್ಲಿ ನಿಲ್ಲದು. ತಪ್ಪೇ ಮಾಡದವರ ಪಾಡು ಇನ್ನೂ ಘೋರ. 2019ರಲ್ಲಿ ಕತಾರ್‌ಗೆ ಹೋದ ಮುಂಬೈ ದಂಪತಿಯ ಸಾಮಾನಿನಲ್ಲಿ, ಸಂಬಂಧಿಕರು ಕೊಟ್ಟ ಪೊಟ್ಟಣದಲ್ಲಿ, ನಾಲ್ಕು ಕಿಲೋ ಹಶೀಶ್ ಸಿಕ್ಕಿ 10 ವರ್ಷ ಶಿಕ್ಷೆಯಾಯಿತು. ಮಗು ಜೈಲಿನಲ್ಲೇ ಹುಟ್ಟಿತು. 2021ರಲ್ಲಷ್ಟೇ ನಿರ್ದೋಷಿಗಳೆಂದು ತೀರ್ಪು ಬಂತು.

ಎಲ್ಲ ದೇಶಗಳ ಕಾನೂನು ಒಂದೇ ಆಗಲಿ ಎಂದು ನಾನು ಕೇಳುತ್ತಿಲ್ಲ. ಯಾವ ದೇಶದಲ್ಲಿ ಯಾವುದು ಅಪರಾಧ ಎಂದು ಟಿಕೆಟ್‌ನ ಜೊತೆಗೇ ಮಲಯಾಳದಲ್ಲಿ, ಕನ್ನಡದಲ್ಲಿ ಅಚ್ಚುಹಾಕಿ ಕೊಡಲು ನಮ್ಮ ಸರ್ಕಾರಗಳಿಗೆ ಆಗದೇ? ಅದು ಆಗುವವರೆಗೆ, ಹೊರಡುವವರೇ, ಮಾತ್ರೆಗಳ ಹೆಸರನ್ನು ಆ ದೇಶದ ಪಟ್ಟಿಯಲ್ಲಿ ನೋಡಿಕೊಳ್ಳಿ. ಸ್ವಂತ ಚಿಕ್ಕಮ್ಮ ಕೊಟ್ಟ ಪೊಟ್ಟಣವಾದರೂ ಬಿಚ್ಚಿ ನೋಡದೆ ಒಯ್ಯಬೇಡಿ.